ಆಟದ ಬಂಡೆಗೊಂದು ಕಲ್ಲು

ಸಣ್ಣ ಊರಿನಲ್ಲಿ ಕನ್ನಡ ಮೇಷ್ಟ್ರಾಗಿರುವವನ ಕಷ್ಟ ಉಳಿದವರಿಗೆ ತಿಳಿಯುವುದಿಲ್ಲ. ಲೆಕ್ಕದ ಮೇಷ್ಟ್ರ ಮನೆಗೆ ಯಾರೂ ಬಂದು, "ಸ್ವಾಮಿ, ನಮ್ಮನೇಲಿ ಮದುವೆ, ಒಂದು ಒಳ್ಳೆ ಭಾಗಾಕಾರ ಮಾಡಿಕೊಡಿ" ಎಂದು ಕೇಳುವುದಿಲ್ಲ. ಡ್ರಿಲ್ ಮೇಷ್ಟ್ರನ್ನು ಸೀಮಂತಕ್ಕೆ ಕರೆದು ಕವಾಯತು ಮಾಡಿಸಿದವರನ್ನೂ ನಾನು ಕಂಡಿಲ್ಲ. ಕನ್ನಡ ಮೇಷ್ಟ್ರೊಬ್ಬ ಮಾತ್ರ ಊರಿಗೆಲ್ಲ ಬಿಟ್ಟಿ ಸಿಕ್ಕುವ ಪದಾರ್ಥ. ಲಗ್ನಪತ್ರಿಕೆಯ ಒಕ್ಕಣೆ, ಅಮಲ್ದಾರರಿಗೆ ಅರ್ಜಿ, ವರ್ಗವಾಗಿ ಹೋಗುವ ಇನ್‌ಸ್ಪೆಕ್ಟರಿಗೆ ಬಿನ್ನವತ್ತಳೆ, ಅವರ ಜಾಗಕ್ಕೆ ಬರುವವರಿಗೆ ಸ್ವಾಗತ ಪದ್ಯ, ಎಲ್ಲಕ್ಕೂ ನಾನೇ. ನನ್ನ ಹೆಂಡತಿ ಪಾರ್ವತಿ, "ಊರಿಗೆಲ್ಲ ಬರೀತೀರಿ. ನನ್ನ ತೌರಿಗೊಂದು ಕಾಗದ ಬರೆದುಕೊಡಿ ಅಂದ್ರೆ ಕೈನೋವು" ಎನ್ನುತ್ತಾಳೆ. ಮಾತು ನಿಜ. ತೌರಿಗೆ ಬರೆದರೆ ಯಾರೂ ಹೊಗಳುವುದಿಲ್ಲ. "ಇದು ನಿಮ್ಮ ಕೈಯಲ್ಲೇ ಆಗಬೇಕು ಸ್ವಾಮಿ" ಎಂದು ಯಾರಾದರೂ ಅಂದರೆ ಸಾಕು, ನಾನು ಬೆಣ್ಣೆ ಕರಗಿದ ಹಾಗೆ ಕರಗಿಬಿಡುತ್ತೇನೆ.

ಹೀಗೆ ಕರಗಿದ ಒಂದು ಸಂದರ್ಭದಲ್ಲೇ ನಮ್ಮ ಮನೆಗೆ ಆ ಫಜೀತಿ ಬಂದದ್ದು. ನಮ್ಮೂರಿನ ಹುಣಸೆಹಣ್ಣಿನ ಮಂಡಿಯ ರುದ್ರಪ್ಪನವರು ಆ ವರ್ಷ ದಸರಾ ನೋಡಲು ಮೈಸೂರಿಗೆ ಹೋಗಿದ್ದರು. ಜಂಬೂಸವಾರಿ ನೋಡಿ ಬಂದವರು ಆನೆಯ ಸುದ್ದಿ ಹೇಳುತ್ತಾರೆ, ದೀಪದ ಸುದ್ದಿ ಹೇಳುತ್ತಾರೆ. ರುದ್ರಪ್ಪನವರು ಬಂದವರೇ ಬೋರ್ಡಿನ ಸುದ್ದಿ ಹೇಳಿದರು. "ಅಲ್ಲಿ ತೋಟದಲ್ಲಿ ಗಿಡಗಿಡಕ್ಕೂ ಹೆಸರು ಬರೆದು ಬೋರ್ಡು ಹಾಕವ್ರೆ ಮೇಷ್ಟ್ರೇ. ಗಿಡಕ್ಕೆ! ನಮ್ಮೂರಲ್ಲಿ ಕೋಟೆಗೇ ಬೋರ್ಡಿಲ್ಲ." ನಾನು, "ಅಷ್ಟು ದೊಡ್ಡ ಬೆಟ್ಟ, ಅದರ ಮೇಲೆ ಕೋಟೆ, ಬೋರ್ಡಿಲ್ಲದಿದ್ದರೂ ಕಾಣಿಸುತ್ತದಲ್ಲ" ಎಂದೆ. "ಕಾಣಿಸ್ತದೆ ಸ್ವಾಮಿ, ಗೊತ್ತಾಗಬೇಕಲ್ಲ! ಮದ್ದಗಿರಿ ಹೋಗಿ ಮಧುಗಿರಿ ಆಗೈತೆ. ಊರಿಗೆ ಹೊಸ ಹೆಸರು ಬಂದ ಮೇಲೆ ಅದಕ್ಕೆ ತಕ್ಕ ಠೀವಿ ಬೇಡವಾ?" ಎಂದರು. ನಮ್ಮ ಪೂರ್ವಿಕರು ಮೊದಲು ಮನೆ ಕಟ್ಟಿಕೊಂಡದ್ದು ಎಲ್ಲಿ, ದುಡಿದು ದಣಿದು ಕೂತು ಹರಟಿದ್ದು ಎಲ್ಲಿ, ಇಂಥ ಜಾಗಗಳನ್ನೆಲ್ಲ ಗುರುತು ಮಾಡಿ ಬರಹ ಹಾಕಿಸಬೇಕಂತೆ; ಖರ್ಚು ಅವರದು, ಬರಹ ನನ್ನದು. "ಇದು ನಿಮ್ಮ ಕೈಯಲ್ಲೇ ಆಗಬೇಕು" ಎಂದೂ ಅಂದುಬಿಟ್ಟರು. ಮರದ ಬೋರ್ಡು ಹಾಕಿದರೆ ಮೊದಲು ಗೆದ್ದಲು ತಿನ್ನುತ್ತದೆ, ಗೆದ್ದಲು ಬಿಟ್ಟರೆ ಯಾರದೋ ಒಲೆ ತಿನ್ನುತ್ತದೆ. ಆದ್ದರಿಂದ ಕಲ್ಲಿನಲ್ಲೇ ಕೆತ್ತಿಸುವುದೆಂದು ತೀರ್ಮಾನವಾಯಿತು. ನಮ್ಮೂರಲ್ಲಿ ಕಲ್ಲಿಗೇನು ಬರವೇ!

ಮೊದಲು ಮನೆಗಳಿಂದ ಶುರುಮಾಡಿದೆವು. ಊರಿನ ಮೊಟ್ಟಮೊದಲ ಮನೆ ಯಾವುದು ಎಂದು ಕೇಳಿದ್ದೇ ತಡ, ಇಷ್ಟು ದಿನ ಒಂದೇ ಬಾವಿಯ ನೀರು ಕುಡಿದುಕೊಂಡಿದ್ದ ಮೂರು ಮನೆಯವರು ಮುಖ ತಿರುಗಿಸಿಕೊಂಡರು. ಒಬ್ಬರು ತಮ್ಮ ಹಜಾರದ ಕಂಬ ತೋರಿಸಿದರು. ಇನ್ನೊಬ್ಬರು ನಮ್ಮ ಕಂಬದ ತಲೆಯ ಮೇಲಿನ ಬೋದಿಗೆಯ ಕೆತ್ತನೆ ನೋಡಿ ಎಂದರು. ಮತ್ತೊಬ್ಬರು, ಕಂಬ ಬಿದ್ದುಹೋಗಿರುವುದೇ ಮನೆ ಹಳೆಯದೆನ್ನುವುದಕ್ಕೆ ಸಾಕ್ಷಿ ಎಂದು ವಾದ ಹೂಡಿದರು. ಕೊನೆಗೆ ಮೂರು ಮನೆಗೂ "ಇದು ಊರಿನ ಮೊದಲ ಮನೆಗಳಲ್ಲೊಂದು" ಎಂದು ಬರೆದುಕೊಟ್ಟು ಪಾರಾದೆ. ನಿಜವಾಗಿ ಹಳೆಯದಾಗಿ ಕಾಣುತ್ತಿದ್ದ ಮನೆ ಕೋಟೆ ಬೀದಿಯ ಕಲ್ಲಮ್ಮನವರದು. ಆಕೆ ಕಲ್ಲು ನೆಡಲು ಬಿಡಲೇ ಇಲ್ಲ. "ಹಳೇ ಮನೆ ಅಂತ ಕಲ್ಲು ನೆಟ್ಟುಬುಟ್ರೆ ನನ್ ಮಗನಿಗೆ ಹೆಣ್ಣು ಯಾರ್ ಕೊಡ್ತಾರೆ? ಸೂರು ಸೋರ್ತದೆ ಅಂತ ನೀವೇ ಟಾಮ್‌ಟಾಮ್ ಹೊಡೆಸಿದಂಗಾಗ್ತದೆ. ಮದುವೆ ಆಗ್ಲಿ, ಆಮ್ಯಾಕೆ ಬೇಕಾದ್ದು ಬರ್ಕೊಳಿ" ಎಂದು ಬಾಗಿಲು ಹಾಕಿಕೊಂಡರು. ಆಗಲೇ ನನಗೆ ಬುದ್ಧಿ ಬರಬೇಕಾಗಿತ್ತು. ಆದರೆ ಹೊಗಳಿಕೆಯ ಪಿತ್ತ ನೆತ್ತಿಗೇರಿತ್ತು, ಬರಲಿಲ್ಲ.

ಮನೆಗಳಾದ ಮೇಲೆ ವಿರಾಮದ ಜಾಗಗಳ ಸರದಿ. ಅದಕ್ಕೆ ನಾನು ದೂರ ಹುಡುಕಬೇಕಾಗಿರಲಿಲ್ಲ. ನಮ್ಮ ಕೋಟೆ ಬಾಗಿಲಿನ ಹತ್ತಿರ ಬೇವಿನ ಮರದ ಕೆಳಗೆ ಒಂದು ಹಾಸುಬಂಡೆ. ಅದರ ಮೇಲೆ ಯಾವ ಕಾಲದವರೋ ಹುಲಿ-ಕುರಿ ಆಟದ ಗೆರೆಗಳನ್ನು ಕೊರೆದಿದ್ದಾರೆ. ಕೋಟೆ ಕಾಯುವ ಸಿಪಾಯಿಗಳು ಹೊತ್ತು ಹೋಗದೆ ಕೊರೆದರೆಂದು ಹೇಳುತ್ತಾರೆ. ಅಂಗಡಿಯನ್ನು ನಮ್ಮಣ್ಣನಿಗೆ ಬಿಟ್ಟುಕೊಟ್ಟು ನಮ್ಮ ಜೊತೆಯಲ್ಲಿದ್ದ ನಮ್ಮಪ್ಪ ದಿನಾ ಬಿಸಿಲು ಇಳಿದೊಡನೆ ಅಲ್ಲಿಗೆ ಹೋಗುತ್ತಿದ್ದರು. ಅವರ ಎದುರಾಳಿ ಬುಡೇನ್ ಸಾಬರು. ಅವರು ಮೂಲದಲ್ಲಿ ಸಿರಾದವರು. ತುಮಕೂರಿನ ದಾರಿಯಲ್ಲಿ ಜಟಕಾ ಹೊಡೆಯುತ್ತಿದ್ದರು. ಮೋಟಾರು ಬಸ್ಸು ಬಂದ ಮೇಲೆ ಕುದುರೆ ಮಾರಿ ಸುಮ್ಮನಾದವರು. ಹುಣಸೆಬೀಜ ಕುರಿ, ಬೆಣಚುಕಲ್ಲು ಹುಲಿ. ಕುರಿಗಳು ಹುಲಿಯನ್ನು ಕಟ್ಟಿಹಾಕಬೇಕು, ಹುಲಿ ಕುರಿಗಳನ್ನು ಹಾರಿ ತಿನ್ನಬೇಕು. ಇಬ್ಬರೂ ಬೀದಿಯಲ್ಲಿ ಸಿಕ್ಕರೆ "ಶೆಟ್ರೇ", "ಸಾಬ್ರೇ" ಎಂದು ಎಷ್ಟೋ ಮರ್ಯಾದೆ. ಬಂಡೆ ಹತ್ತಿದರೆ "ಲೇ ಶೆಟ್ಟಿ", "ಲೇ ಬುಡೇನ". ನಮ್ಮಪ್ಪ ಕೂರುವ ಜಾಗಕ್ಕೇ ಒಂದು ಕಲ್ಲು ನೆಡಿಸಿದರೆ ಅವರಿಗೆಷ್ಟು ಹೆಮ್ಮೆಯಾಗಬಹುದು ಎಂದು ನಾನು ಉಬ್ಬಿಕೊಂಡು ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ನಾವು ಆಡೋದು ನಮಗೆ ಗೊತ್ತು. ಆಡದೇ ಇರೋರಿಗೆ ಗೊತ್ತಾಗಿ ಏನಾಗಬೇಕೋ?" ಎಂದರು. ಹಳೇ ಕಾಲದವರು, ಚರಿತ್ರೆಯ ಬೆಲೆ ತಿಳಿಯದು ಎಂದುಕೊಂಡೆ.

"ಈ ಬಂಡೆಯ ಮೇಲೆ ಕೋಟೆಯ ಕಾಲದಿಂದಲೂ ಊರಿನ ಹಿರಿಯರು ಹುಲಿ-ಕುರಿ ಆಟವಾಡಿ ದಣಿವಾರಿಸಿಕೊಳ್ಳುತ್ತ ಬಂದಿದ್ದಾರೆ" ಎಂದು ಬರೆದುಕೊಟ್ಟೆ. ಕೆತ್ತುವವನು ಹನುಮಂತ, ಪಾವಗಡದ ಕಡೆಯವನು, ಮಾತು ಅರ್ಧ ತೆಲುಗು. ಅವನು ಕಲ್ಲು ತಂದಾಗ ನೋಡುತ್ತೇನೆ, ನನ್ನ ಅಕ್ಷರಗಳ ಮೇಲೆ ಒಂದು ಪಕ್ಕ ಸೂರ್ಯ, ಒಂದು ಪಕ್ಕ ಚಂದ್ರ! "ಇದೇನಯ್ಯ, ನಾನು ಬರೆದುಕೊಟ್ಟದ್ದರಲ್ಲಿ ಇದು ಇರಲಿಲ್ಲವಲ್ಲ?" ಎಂದೆ. ಅವನು ನನ್ನನ್ನು ಪಾಪ ಎನ್ನುವಂತೆ ನೋಡಿದ. "ಸೂರ್ಯ ಚಂದ್ರ ಲೇಕುಂಡಾ ಕಲ್ಲು ಎಲ್ಲಾದ್ರೂ ನೆಡ್ತಾರಾ ಸಾಮೀ? ಮಾ ತಾತ, ಮಾ ನಾಯನ ಎಲ್ಲಾ ಇಂಗೇ ಮಾಡಿದ್ದು." ಸೂರ್ಯ ಚಂದ್ರರಿಲ್ಲದ ಕಲ್ಲನ್ನು ಅವನ ವಂಶದಲ್ಲಿ ಯಾರೂ ಕೆತ್ತಿರಲಿಲ್ಲ. ನೋಡಲು ಲಕ್ಷಣವಾಗಿಯೂ ಇತ್ತು, ಸುಮ್ಮನಾದೆ. ನೆಡುವ ದಿನ ಅವನು ಗುಂಡಿಗೆ ಹಾಲೆರೆದ, ಕಲ್ಲಿನ ಹಣೆಗೆ ಅರಿಶಿನ ಬಳಿದ, ಒಂದು ಕಾಯಿ ಒಡೆದ. ಕಲ್ಲು ಅಲ್ಲಾಡದೆ ನಿಲ್ಲಬೇಕಾದರೆ ಹಾಗೆಲ್ಲ ಮಾಡಲೇಬೇಕಂತೆ. ರುದ್ರಪ್ಪನವರು ಭಾಷಣ ಮಾಡಿದರು. ನಾನೂ ಮಾಡಿದೆ. ನಮ್ಮಪ್ಪ ಮತ್ತು ಬುಡೇನ್ ಸಾಬರು ಜನ ಯಾವಾಗ ಏಳುತ್ತಾರೋ, ತಾವು ಯಾವಾಗ ಆಟ ಹೂಡುವುದೋ ಎಂದು ಮರದ ಹಿಂದೆ ಕಾಯುತ್ತಾ ನಿಂತಿದ್ದರು.

ಮನೆಗಳ ಮುಂದಿನ ಕಲ್ಲುಗಳಿಗೆ ಏನೂ ಆಗಲಿಲ್ಲ. ಅವು ಗೋಡೆಗೆ ಒರಗಿದ್ದವು, ಅವುಗಳ ಮೇಲೆ ಜನ ಒದ್ದೆ ಬಟ್ಟೆ ಒಣಗಿಸಿದರು. ಆದರೆ ಬಯಲಿನಲ್ಲಿ, ಬೇವಿನ ಮರದ ಕೆಳಗೆ, ಸೂರ್ಯ ಚಂದ್ರರನ್ನು ಹೊತ್ತು, ಅರಿಶಿನ ಬಳಿಸಿಕೊಂಡು ಒಂದು ಕಲ್ಲು ಒಂಟಿಯಾಗಿ ನಿಂತರೆ ನಮ್ಮ ಸೀಮೆಯ ಹೆಂಗಸರು ಸುಮ್ಮನೆ ಹಾದುಹೋಗುವವರಲ್ಲ. ಮಾರನೆಯ ಬೆಳಿಗ್ಗೆಯೇ ಅದಕ್ಕೆ ಕುಂಕುಮ ಬಂದಿತ್ತು. ಆಮೇಲೆ ಹೂವು. ಐ.ಡಿ.ಹಳ್ಳಿಯಿಂದ ಸಂತೆಗೆ ಬಂದ ಒಬ್ಬಾಕೆ ಕಳೆದುಹೋದ ಎಮ್ಮೆ ಸಿಗಲೆಂದು ಬೇಡಿಕೊಂಡಳು. ಆ ಹಾಳು ಎಮ್ಮೆ ಸಿಕ್ಕಿಯೂ ಸಿಕ್ಕಿತು. ಅಲ್ಲಿಂದ ಮುಂದೆ ಕೇಳಬೇಕೆ! ಹುಲಿಯ ಆಟದ ಬಂಡೆಯಾದ್ದರಿಂದ ದೇವರಿಗೆ ಹುಲಿಯಪ್ಪ ಎಂದು ಹೆಸರಾಯಿತು. ಆಟದ ಗೆರೆಗಳನ್ನು ಯಾವುದೋ ಯಂತ್ರವೆಂದು ತಿಳಿದು, ಗೆರೆಗಳು ಕೂಡುವ ಕಡೆಯಲ್ಲೆಲ್ಲ ಹಣತೆ ಹಚ್ಚಿಟ್ಟರು. ನಾನು ನಿಂತುಕೊಂಡು, "ಅಮ್ಮಾ, ಇದು ದೇವರಲ್ಲ, ನಾನೇ ಬರೆದದ್ದು, ಓದಿ ನೋಡಿ" ಎಂದೆ. ಒಬ್ಬ ಅಜ್ಜಿ, "ನೀನು ಬರೆದಿದ್ರೇನಪ್ಪ, ಬರೆಸಿದೋನು ಅವನೇ ತಾನೆ" ಎಂದು ನನ್ನ ಹಣೆಗೂ ಒಂದಿಷ್ಟು ಕುಂಕುಮ ಹಚ್ಚಿ ಕಳಿಸಿದಳು. ರುದ್ರಪ್ಪನವರು ಖುಷಿಯಿಂದ ಉಬ್ಬಿಹೋದರು. ಬೋರ್ಡು ಹಾಕಿಸಲು ಹೊರಟವರು ಧರ್ಮದರ್ಶಿಯಾಗಿಬಿಟ್ಟಿದ್ದರು.

ಹುಲಿಯಪ್ಪನ ಗದ್ದಲದಲ್ಲಿ ನನಗೆ ಹೊಳೆಯದೇ ಇದ್ದ ಸಂಗತಿ ಏನೆಂದರೆ, ನಮ್ಮಪ್ಪ ಸಂಜೆ ಮನೆಯಲ್ಲೇ ಇದ್ದರು. ಸಂಜೆ ಮನೆಯಲ್ಲಿರುವ ನಮ್ಮಪ್ಪ ಎಂದರೆ ಏನೆಂದು ನಮಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಅಡಿಗೆಮನೆ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತರು. "ಸಾಸಿವೆ ಸಿಡಿಯೋಕೆ ಮುಂಚೆ ಕರಿಬೇವು ಹಾಕ್ಬುಟ್ಯಲ್ಲಮ್ಮ." "ಮುದ್ದೆಗೆ ಎಸರು ಸಾಲ್ದು ಕಣಮ್ಮ." "ಹುಣಸೆಹಣ್ಣು ಈ ವರ್ಷದ್ದಾ, ಹೋದ ವರ್ಷದ್ದಾ?" ಜೀವಮಾನವೆಲ್ಲ ದಿನಸಿ ವ್ಯಾಪಾರ ಮಾಡಿದವರು, ಒಂದು ಮೆಣಸಿನಕಾಯಿಯೂ ಅವರ ಕಣ್ಣು ತಪ್ಪಿಸಿ ಸಾರಿಗೆ ಬೀಳುವಂತಿರಲಿಲ್ಲ. ಪಾರ್ವತಿ ಸೈರಣೆಯ ಹೆಂಗಸು. ಮಾವನಿಗೆ ಎದುರು ಆಡುವವಳಲ್ಲ. ಎದುರು ಆಡಬೇಕಾದ್ದನ್ನೆಲ್ಲ ಕೂಡಿಟ್ಟು ನನ್ನ ಮೇಲೆ ಆಡುತ್ತಾಳೆ. "ನೆಟ್ಟಿದ್ದು ನೀವು, ಆ ಕಲ್ಲು ಬಿದ್ದದ್ದು ಮಾತ್ರ ನನ್ನ ತಲೆ ಮೇಲೆ" ಎಂದಳು. ನಾನು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಮನೆ ಬರೆದು ಅಪ್ಪನನ್ನು ಆಟಕ್ಕೆ ಕರೆದೆ. ಎರಡು ನಡೆ ಆಡಿ, "ನೀನು ಕುರಿ ನಡೆಸ್ತಿದೀಯೋ, ಸಂತೆಗೆ ಹೊಡ್ಕೊಂಡು ಹೋಗ್ತಿದೀಯೋ?" ಎಂದು ಎದ್ದುಹೋದರು. ಬೆಳಿಗ್ಗೆ ಪಾರ್ವತಿ ಜಗಲಿ ಸಾರಿಸಿದಾಗ ಹುಲಿ, ಕುರಿ, ಗೆರೆ ಎಲ್ಲವೂ ಸಗಣಿಯ ಕೆಳಗೆ ಹೋದವು.

ಅದನ್ನಾದರೂ ತಡೆದುಕೊಳ್ಳಬಹುದಾಗಿತ್ತು. ತಡೆಯಲಾಗದ ದಿನ ಆಮೇಲೆ ಬಂತು. ಒಂದು ರಾತ್ರಿ ಊಟವಾದ ಮೇಲೆ ಪಾರ್ವತಿ ಗಾಬರಿಯಿಂದ ನನ್ನ ಹತ್ತಿರ ಬಂದಳು. "ರೀ, ಮಾವ ಇವತ್ತು ಏನೂ ಅನ್ನಲಿಲ್ಲ." "ಒಳ್ಳೇದಾಯಿತಲ್ಲ" ಎಂದೆ. "ಒಳ್ಳೇದೇನು ಬಂತು! ಸಾರಿಗೆ ಉಪ್ಪು ಹಾಕೋದೇ ಮರೆತಿದ್ದೆ ಕಣ್ರೀ. ಸುಮ್ಮನೆ ಉಂಡು ಎದ್ದುಹೋದರು." ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು. ನಾನೂ ಅದೇ ಸಾರು ಉಂಡಿದ್ದೆ, ನನಗೆ ಗೊತ್ತಾಗಿರಲಿಲ್ಲ. ಹೋಗಿ ನೋಡಿದೆ. ಅಪ್ಪ ದೀಪವಿಲ್ಲದ ಹಜಾರದಲ್ಲಿ ಗೋಡೆಗೊರಗಿ, ಅಂಗೈಯಲ್ಲಿ ನಾಲ್ಕು ಹುಣಸೆಬೀಜ ಇಟ್ಟುಕೊಂಡು ಆಡಿಸುತ್ತಾ ಕೂತಿದ್ದರು. ಅಷ್ಟು ಮಾತಿನ ಮನುಷ್ಯ ಹಾಗೆ ಮಂಕಾಗಿ ಕೂತದ್ದು ನೋಡಿ, ಚರಿತ್ರೆಯ ಮನೆ ಹಾಳಾಗಲಿ ಎಂದುಕೊಂಡೆ.

ಮರುದಿನ ಸ್ಕೂಲು ಬಿಟ್ಟವನೇ ಬುಡೇನ್ ಸಾಬರ ಮನೆಗೆ ಹೋದೆ. ಅವರು ಇಲ್ಲದ ಕುದುರೆಯ ಲಗಾಮಿಗೆ ಎಣ್ಣೆ ಸವರುತ್ತಾ ಕೂತಿದ್ದರು. "ಸಾಬರೇ, ಬಂಡೆಯ ಹತ್ತಿರ ಬರಬೇಡಿ ಅಂತ ಯಾರಾದರೂ ಅಂದರಾ?" ಎಂದು ಕೇಳಿದೆ. ಅಂದಿದ್ದರೆ ಅವರ ಜೊತೆ ಜಗಳಕ್ಕೆ ಹೋಗುವುದೆಂದು ಪಂಚೆ ಎತ್ತಿಕಟ್ಟಿಕೊಂಡೇ ಹೋಗಿದ್ದೆ. "ಅರೆ ಬೇಟಾ, ಯಾರು ಏನಂತಾರೆ? ನಮ್ಮ ಮನೆಯವಳೇ ಹೋಗಿ ಊದಬತ್ತಿ ಹಚ್ಚಿ ಬಂದವ್ಳೆ, ಮಂಡಿನೋವು ವಾಸಿಯಾಗ್ಲಿ ಅಂತ" ಎಂದರು. "ಹಾಗಾದರೆ ಆಡೋಕೆ ಏನು ಕಷ್ಟ?" ಸಾಬರು ಲಗಾಮು ಕೆಳಗಿಟ್ಟರು. "ನೋಡು ಬೇಟಾ, ಹುಲಿ-ಕುರಿ ಅಂದ್ರೆ ಬರೀ ಬೀಜ ಸರಿಸೋದಲ್ಲ. ಬೈಬೇಕು. ನಾನು ಶೆಟ್ಟಿ ವಂಶಾನೆಲ್ಲ ಬೈಬೇಕು, ಅವನು ನನ್ನ ಕುದುರೆ ವಂಶಾನೆಲ್ಲ ಬೈಬೇಕು. ಆವಾಗ ಮಜಾ. ಈಗ ಅಲ್ಲಿ ದೀಪ ಹಚ್ಚವ್ರೆ, ಕಣ್ಣು ಮುಚ್ಕೊಂಡು ಕೈ ಮುಗೀತವ್ರೆ. ಅಂಥ ಕಡೆ ಬೈಯೋಕೆ ಬಾಯಿ ಬರ್ತದಾ?" ಹಾಗಾದರೆ ನಮ್ಮ ಮನೆ ಜಗಲಿಗೆ ಬನ್ನಿ ಎಂದೆ. ಸಾಬರು ನಕ್ಕರು. "ಒಳಗೆ ಸೊಸೆ ಇರ್ತಾಳೆ. ಸೊಸೆ ಕೇಳೋ ಹಂಗೆ ಶೆಟ್ರನ್ನ ಬೈಯೋದಾ? ತೋಬಾ ತೋಬಾ." ಇಬ್ಬರು ಮರ್ಯಾದಸ್ಥರು ಮರ್ಯಾದೆ ಬಿಟ್ಟು ಕೂರಲು ಇಡೀ ಊರಿನಲ್ಲಿ ಇದ್ದದ್ದು ಅದೊಂದೇ ಬಂಡೆ. ಅದಕ್ಕೆ ನಾನು ಮರ್ಯಾದೆ ತಂದುಕೊಟ್ಟುಬಿಟ್ಟಿದ್ದೆ.

ಕಲ್ಲನ್ನು ಕೀಳಿಸೋಣವೆಂದು ಹನುಮಂತನನ್ನು ಕೇಳಿದೆ. ಅವನು ಎರಡು ಕಿವಿಯನ್ನೂ ಮುಟ್ಟಿಕೊಂಡು, "ನೆಟ್ಟಿದ್ದು ಪೀಕೋದಾ? ನಾಕು ಪಿಲ್ಲಲು ಉನ್ನಾರು ಸಾಮೀ" ಎಂದ. ಮಕ್ಕಳೊಂದಿಗ, ನೆಟ್ಟ ಕಲ್ಲನ್ನು ಕೀಳುವುದಿಲ್ಲವಂತೆ. ರುದ್ರಪ್ಪನವರ ಮಂಡಿಗೆ ಹೋಗಿ, ನಮ್ಮಪ್ಪನಿಗೆ ಕೂರಲು ಜಾಗವಿಲ್ಲದಂತಾಗಿದೆ ಎಂದೆ. ಅವರು ಬಹಳ ಮರುಗಿದರು, ನಿಜವಾಗಿಯೇ ಮರುಗಿದರು. "ಛೆ ಛೆ, ಶೆಟ್ರಿಗೆ ತೊಂದರೆ ಆಗಬಾರದು. ದೇವಸ್ಥಾನಕ್ಕೆ ಚಪ್ಪರ ಹಾಕಿಸ್ತಾ ಇದೀನಿ, ಪಕ್ಕದಲ್ಲಿ ಒಂದು ಭಜನೆ ಜಗಲಿ ಕಟ್ಟಿಸ್ಕೊಡ್ತೀನಿ, ಸಾಬ್ರೂ ಬರ್ಲಿ, ಇಬ್ಬರೂ ಕೂತು ಭಜನೆ ಮಾಡ್ಲಿ" ಎಂದರು. ಈ ಮಾತನ್ನು ಅಪ್ಪನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲವು ದಿನ ಕಳೆದವು. ಒಂದು ರಾತ್ರಿ ಊಟದ ನಡುವೆ ಅಪ್ಪ ಕೈ ನಿಲ್ಲಿಸಿ, "ಇದೇನು ಸಾರೋ, ಕಲಗಚ್ಚೋ?" ಎಂದರು. ಪಾರ್ವತಿ ಓಡಿ ಬಂದು ನನ್ನ ಮುಖ ನೋಡಿದಳು. ಮದುವೆಯಾದಂದಿನಿಂದ ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. "ಕಲಗಚ್ಚು ಅಂದರು ಕಣ್ರೀ!" ಎಂದು ಒಳಗೆ ಹೋಗಿ ನನಗೊಂದು ಹಪ್ಪಳ ಹೆಚ್ಚಾಗಿ ತಂದು ಹಾಕಿದಳು. ಆಗ ಗಮನಿಸಿದರೆ, ಅಪ್ಪ ಮತ್ತೆ ಬಿಸಿಲು ಇಳಿದೊಡನೆ ಹೊರಗೆ ಹೋಗುತ್ತಿದ್ದರು. ಎಲ್ಲಿಗೆಂದು ಕೇಳಿದರೆ, "ಹಿಂಗೇ, ಗಾಳಿಗೆ" ಎನ್ನುತ್ತಿದ್ದರು. ಪಾರ್ವತಿಗೆ ಕುತೂಹಲ, ನನಗೂ ಕುತೂಹಲ. ಒಂದು ಸಂಜೆ ದೂರದಿಂದ ಹಿಂದೆ ಹೋದೆ. ಅಪ್ಪ ಪೇಟೆ ದಾಟಿದರು, ಹಿಂದಕ್ಕೆ ನೋಡಿದರು, ಒಂದು ಕಡೆ ತಿರುಗಿದರು, ಅಲ್ಲಿಂದ ಇನ್ನೊಂದು ಕಡೆ ತಿರುಗಿದರು. ಯಾವ ಕಡೆ ಎಂದು ಕೇಳಬೇಡಿ.

ಜಾಗ ಕಾಣುವ ಮೊದಲೇ ದನಿ ಕೇಳಿಸಿತು. "ಥೂ ನಿನ್ನ, ಬುಡೇನ! ಕೆಮ್ಮೋ ಹಂಗೆ ಮಾಡಿ ಕುರಿ ಸರಿಸ್ಬುಟ್ಯಾ? ಕುದುರೆ ಹುಲ್ಲು ಕದ್ದು ಮಾರಿದ ಕೈ ಕಣ್ಲಾ ಅದು!" "ಲೇ ಶೆಟ್ಟಿ, ತಕ್ಕಡಿಗೆ ಹೆಬ್ಬೆಟ್ಟು ಒತ್ತಿದ ಕೈ ನಿಂದು, ನನ್ನ ಕೈ ಮಾತಾಡ್ತೀಯಾ?" ನಾನು ಸಂಗೀತ ಕಚೇರಿಗಳಿಗೆ ಹೋಗಿದ್ದೇನೆ, ಹರಿಕಥೆ ಕೇಳಿದ್ದೇನೆ. ಕಿವಿಗೆ ಅಷ್ಟು ಇಂಪಾದದ್ದನ್ನು ಯಾವತ್ತೂ ಕೇಳಿರಲಿಲ್ಲ. ಕಣ್ಣು ಒರೆಸಿಕೊಂಡು ಮುಂದೆ ಹೋದೆ. ಒಂದು ಚಪ್ಪಟೆ ಕಲ್ಲಿನ ಮೇಲೆ ಹೊಸದಾಗಿ ಕೊರೆದ ಗೆರೆಗಳು, ಸ್ವಲ್ಪ ಸೊಟ್ಟ. ಯಾರು ಕೊರೆದರೋ, ಇಬ್ಬರ ಹೆಬ್ಬೆರಳಿಗೂ ಬಟ್ಟೆ ಸುತ್ತಿತ್ತು. ನನ್ನನ್ನು ಕಂಡು ಅಪ್ಪನ ಮುಖ ಇಳಿದುಹೋಯಿತು. ಸಾಬರು ಕೈಯಿಂದ ಗೆರೆಗಳನ್ನು ಮುಚ್ಚಲು ನೋಡಿದರು. ಅಮಲ್ದಾರರು ಬಂದಿದ್ದರೂ ಅವರು ಅಷ್ಟು ಹೆದರುತ್ತಿರಲಿಲ್ಲ. "ಇಲ್ಲಿಗೂ ಬಂದ್ಬುಟ್ಯಾ?" ಎಂದರು ಅಪ್ಪ, ಬಹಳ ದೀನವಾಗಿ. ಆ ದನಿ ಕೇಳಿ ನನಗೆ ನಾಚಿಕೆಯಾಯಿತು. "ಯಾರಿಗೂ ಹೇಳೋದಿಲ್ಲಪ್ಪ. ರುದ್ರಪ್ಪನವರು ಕೇಳಿದರೆ ನಮ್ಮೂರಲ್ಲಿ ಇನ್ಯಾವ ಜಾಗವೂ ಇಲ್ಲ ಅಂತೀನಿ" ಎಂದೆ. ಅಪ್ಪ ಸ್ವಲ್ಪ ಸರಿದು ಜಾಗ ಬಿಟ್ಟು, "ಕೂತ್ಕೋ. ಮಾತಾಡಬೇಡ" ಎಂದರು.

ಕೂತೆ. ಬಿಸಿಲು ಇಳಿದು ಬಂಡೆ ಬೆಚ್ಚಗಿತ್ತು. ಅಪ್ಪನ ಹುಲಿ ಹೊಂಚು ಹಾಕಿತ್ತು, ಸಾಬರ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಇಬ್ಬರ ಬಿಳಿ ತಲೆಗಳೂ ಒಂದಕ್ಕೊಂದು ತಗಲುವ ಹಾಗೆ ಬಾಗಿದ್ದವು. ಎಂಥ ಸ್ಥಳ ಇದು! ಇಂಥ ಕಡೆ, ಇಂಥ ಊರಿನ ಇಬ್ಬರು ಸ್ನೇಹಿತರು, ದಿನವೂ ಸಂಜೆಯಲ್ಲಿ...

"ಏನೋ, ತುಟಿ ಅಲ್ಲಾಡ್ತಾ ಐತೆ?" ಎಂದರು ಅಪ್ಪ, ತಲೆ ಎತ್ತದೆ.

"ಏನಿಲ್ಲಪ್ಪ."

"ಏನಿಲ್ದೆ ಅಲ್ಲಾಡ್ತದಾ? ಮನಸ್ನಲ್ಲೇ ಬರೀತಿದೀಯ ಕಣೋ. ಲೇ ಬುಡೇನ, ಇವನು ಇಲ್ಲೂ ಬರೀತವ್ನೆ ನೋಡು!"

ಸಾಬರು ನನ್ನ ಮುಖ ನೋಡಿದರು. ನಿಜ ಅವರಿಗೆ ತಿಳಿಯಿತು. "ಬರೀಲಿ ಬುಡು ಶೆಟ್ಟಿ, ಅವನಿಗೂ ಒಂದು ಆಟ ಬೇಕಲ್ಲ" ಎಂದು ಒಂದು ಕುರಿ ಸರಿಸಿ, ನನ್ನ ಮಂಡಿಯ ಮೇಲೆ ಕೈಯಿಟ್ಟರು. "ಆದ್ರೆ ಪೂರ್ತಿ ಮಾಡಬೇಡ ಬೇಟಾ. ನಮ್ಮದಿನ್ನೂ ಮುಗಿದಿಲ್ಲ."

ಆ ವಾಕ್ಯವನ್ನು ಅಲ್ಲೇ ನುಂಗಿಕೊಂಡೆ. ಊರಿಗೆಲ್ಲ ಬರೆದುಕೊಟ್ಟ ನಾನು ಇಷ್ಟು ಸಂತೋಷದಿಂದ ಅರ್ಧಕ್ಕೆ ಬಿಟ್ಟದ್ದು ಬೇರೊಂದಿಲ್ಲ. ಈಗಲೂ ಕೆಲವು ಸಂಜೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ, ತುಟಿಯ ಮೇಲೊಂದು ಬೆರಳಿಟ್ಟುಕೊಂಡು.